ಇಟ್ಟುಕೊಂಡ ಹೆಸರು

1890ರ ದಶಕದ ಉಡುಪಿ. ಶಾಲೆಯ ಹುಡುಗರನ್ನು ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸುತ್ತಿದ್ದ ಮಾಸ್ತರರೊಬ್ಬರು ಬಿಡುವಾದಾಗ ಮನೆಯಲ್ಲಿ ಕೂತು ಹಳಗನ್ನಡದಲ್ಲಿ ಬರೆಯುತ್ತಿದ್ದರು. ಹೆಸರು ಲಕ್ಷ್ಮೀನಾರಣಪ್ಪ, ಊರು ಕಾರ್ಕಳದ ಕಡೆಯ ನಂದಳಿಕೆ. ಬರೆದದ್ದನ್ನು ಮೈಸೂರಿನ ‘ಕಾವ್ಯಮಂಜರಿ’ಗೆ ಕಳಿಸುವ ಆಸೆ. ಆದರೆ ಡ್ರಿಲ್ ಮಾಸ್ತರರ ಕಾವ್ಯವನ್ನು ಪಂಡಿತರು ಮೂಸಿಯಾದರೂ ನೋಡಿಯಾರೆ? ಮಾಸ್ತರರು ಒಂದು ಉಪಾಯ ಹೂಡಿದರು. ಇದು ತನ್ನದಲ್ಲ, ಎಲ್ಲೋ ಸಿಕ್ಕಿದ ಹಳೆಯ ಕೃತಿ ಎಂದು ಹೇಳಿ ಕಳಿಸಿಬಿಟ್ಟರು. ‘ಅದ್ಭುತ ರಾಮಾಯಣ’ 1895ರಲ್ಲಿ ಅಚ್ಚಾಯಿತು.

ಕದ್ದು ತನ್ನದೆನ್ನುವ ಕವಿಗಳನ್ನು ಲೋಕ ಬೇಕಾದಷ್ಟು ಕಂಡಿದೆ. ತಾನೇ ಬರೆದು ತನ್ನದಲ್ಲವೆಂದವರು ಅಪರೂಪ.

ಮುಂದೆ ಬಂದ ‘ಶ್ರೀರಾಮಾಶ್ವಮೇಧ’ದಲ್ಲಿ ಒಂದು ಹೆಸರೇನೋ ಇತ್ತು: ಮುದ್ದಣ. ಮನೆಯವರು ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಮುದ್ದಿನ ಹೆಸರು. ಆದರೆ ಆ ಹೆಸರಿಗೆ ಕಟ್ಟಿದ ಬದುಕು ಬೇರೆ. ಪುಸ್ತಕದೊಳಗಿನ ಮುದ್ದಣ ಆಸ್ಥಾನದ ಕವಿ. ಮಳೆಗಾಲದ ದಿನ ಅರಮನೆಯಿಂದ ಮನೆಗೆ ಬರುತ್ತಾನೆ. ಹೆಂಡತಿ ಮನೋರಮೆ ಎದುರುಗೊಂಡು ಉಪಚರಿಸುತ್ತಾಳೆ, ಊಟವಾದ ಮೇಲೆ ಒಂದು ಕತೆ ಹೇಳೆಂದು ಪೀಡಿಸುತ್ತಾಳೆ. ಪದ್ಯ ಬೇಡ, ಗದ್ಯವೇ ಬೇಕು ಎಂಬ ಹಟ ಬೇರೆ. ಪುಸ್ತಕದ ಹೊರಗೆ ಅರಮನೆಯೂ ಇರಲಿಲ್ಲ, ರಾಜನೂ ಇರಲಿಲ್ಲ. ಇದ್ದದ್ದು ಮೇಷ್ಟರ ಸಂಬಳ, ಅದರ ಜೊತೆಗೆ ಕ್ಷಯ. 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ಅವರು ತೀರಿಕೊಂಡರು. ಮೊಬೈಲಿನ ಪ್ರೊಫೈಲಿಗೆ ಇಲ್ಲದ ಬಣ್ಣ ಬಳಿದುಕೊಳ್ಳುವವರನ್ನು ಕಂಡು ಮೂಗು ಮುರಿಯುವವರು ಒಮ್ಮೆ ಈ ಅರಮನೆಯನ್ನು ನೆನೆಯುವುದು ಒಳ್ಳೆಯದು. ಆ ಸುಳ್ಳಿನಿಂದ ಕನ್ನಡಕ್ಕೆ ಲಾಭವೇ ಆಯಿತು.

ಮುದ್ದಣನೆಂದರೆ ಆ ಮಾಸ್ತರರೇ ಎಂಬುದು ನಿಸ್ಸಂದೇಹವಾಗಿ ತಿಳಿಯುವ ಹೊತ್ತಿಗೆ ಮಾಸ್ತರರು ಹೋಗಿ ಎಷ್ಟೋ ಕಾಲವಾಗಿತ್ತು. ಈಗ ಪಠ್ಯಪುಸ್ತಕಗಳಲ್ಲಿ ದೊಡ್ಡ ಅಕ್ಷರದಲ್ಲಿ ನಿಲ್ಲುವವನು ಮುದ್ದಣ. ಲಕ್ಷ್ಮೀನಾರಣಪ್ಪ ಕಂಸದೊಳಗೆ.

ಹೆಸರು ಮರೆಸಿಕೊಳ್ಳುವುದು ಕನ್ನಡಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ವಚನಕಾರರು ತಮ್ಮ ಹೆಸರನ್ನು ಬದಿಗಿಟ್ಟು ದೇವರ ಹೆಸರಲ್ಲಿ ಸಹಿ ಹಾಕಿದರು. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ‘ನಾನು’ ಎಂಬುದನ್ನು ಅಳಿಸಲು ಹೊರಟವರ ಸಹಿಯೇ ಅವರ ಗುರುತಾಗಿ ಉಳಿದದ್ದು ತಮಾಷೆ. ಹರಿದಾಸರಲ್ಲಿ ಇನ್ನೊಂದು ಕಟ್ಟಳೆ ಉಂಟು. ಅಂಕಿತವನ್ನು ಮನಸ್ಸಿಗೆ ಬಂದಂತೆ ಇಟ್ಟುಕೊಳ್ಳುವ ಹಾಗಿಲ್ಲ, ಗುರು ಕೊಡಬೇಕು. ಎದುರಿಗೆ ಗುರು ಇಲ್ಲದಿದ್ದರೆ ಕನಸಿನಲ್ಲಾದರೂ ಬಂದು ಕೊಡಬೇಕು. ವಿಜಯದಾಸರಿಗೆ ಪುರಂದರದಾಸರು ಹಾಗೆಯೇ ಕೊಟ್ಟರೆಂದು ಪ್ರತೀತಿ. ಹರಪನಹಳ್ಳಿ ಭೀಮವ್ವ ‘ಭೀಮೇಶಕೃಷ್ಣ’ ಆದದ್ದು, ಗಿರಿಯಮ್ಮ ‘ಹೆಳವನಕಟ್ಟೆ ರಂಗ’ ಆದದ್ದು ಇದೇ ಪರಂಪರೆಯೊಳಗೆ.

ಭಜನೆಗೆ ಕೂತವರಿಗೆ ಗೊತ್ತು, ಹಾಡು ಯಾರದೆಂದು ತಿಳಿಯುವುದು ಕೊನೆಯ ನುಡಿಯಲ್ಲಿ. ಕಚೇರಿಯ ಗಾಯಕ ಹೊತ್ತಾಯಿತೆಂದು ಆ ನುಡಿಯನ್ನು ಹಾರಿಸಿದರೆ ಬರೆದವರೇ ಮಾಯ. ಇದಕ್ಕೆ ಬೀಗವೂ ಇಲ್ಲ, ಪಾಸ್‌ವರ್ಡೂ ಇಲ್ಲ. ತನ್ನದೊಂದು ಪದದ ಬಾಲಕ್ಕೆ ‘ಪುರಂದರವಿಠಲ’ ಅಂಟಿಸಿ ತೇಲಿಬಿಟ್ಟರೆ ಹಿಡಿಯುವವರಾರು? ಹಾಡುಗಳನ್ನು ಸಂಪಾದಿಸುವ ವಿದ್ವಾಂಸರು ಜೊಳ್ಳನ್ನು ಕೇರುವ ಕೆಲಸ ಇನ್ನೂ ಮುಗಿಸಿಲ್ಲ.

ಸಹಿ ತಿದ್ದಿದ್ದಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತಿದ ಪ್ರಸಂಗವೂ ಇದೆ. 1996ರಲ್ಲಿ ಮಾತೆ ಮಹಾದೇವಿಯವರು ‘ವಚನ ದೀಪ್ತಿ’ಯಲ್ಲಿ ಬಸವಣ್ಣನವರ ‘ಕೂಡಲಸಂಗಮದೇವ’ವನ್ನು ತೆಗೆದು ‘ಲಿಂಗದೇವ’ ಎಂದು ಮಾಡಿದರು. ಭಕ್ತರ ಭಾವನೆಗೆ ಪೆಟ್ಟು ಬಿದ್ದಿತೆಂದು ಕರ್ನಾಟಕ ಸರ್ಕಾರ 1998ರಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಎಳೆಯಿತು. 2017ರಲ್ಲಿ ಅಲ್ಲಿಯೂ ಸರ್ಕಾರದ ಆದೇಶವೇ ನಿಂತಿತು. ಸಹಿ ಹಾಕಿದಾತ ಹೋಗಿ ಎಂಟು ಶತಮಾನ ಕಳೆದಿದ್ದರೂ, ಅದನ್ನು ಕಾಯುವವರಿಗೆ ಕೊರತೆಯಿರಲಿಲ್ಲ.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಹೆಸರನ್ನು ಕತ್ತರಿಸಿ ಜೋಡಿಸುವ ಹವ್ಯಾಸ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಮೊದಲು ‘ಕಿಶೋರ ಚಂದ್ರವಾಣಿ’ ಎಂಬ ನಾಜೂಕು ಹೆಸರಿಟ್ಟುಕೊಂಡಿದ್ದರು. ಪುಣ್ಯಕ್ಕೆ ಅದು ಬಾಳಲಿಲ್ಲ, ಕುವೆಂಪು ಬಾಳಿತು. ಅರಕಲಗೂಡಿನ ಕೃಷ್ಣರಾಯರು ಅನಕೃ, ತಳುಕಿನ ಸುಬ್ಬರಾಯರು ತರಾಸು. ಮೂರೇ ಅಕ್ಷರಗಳಲ್ಲಿ ಊರು, ಅಪ್ಪ, ತಾನು ಮೂವರೂ ಹಾಜರು. ಮರೆಮಾಚುವುದು ಇಲ್ಲಿ ಏನೂ ಇಲ್ಲ, ಇದು ವಿಳಾಸವನ್ನೇ ಮಡಚಿ ಜೇಬಿಗಿಟ್ಟುಕೊಂಡಂತೆ.

ಧಾರವಾಡದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ಮಾತ್ರ ಅಪ್ಪನನ್ನು ಬಿಟ್ಟು ಅವ್ವನನ್ನು ಹಿಡಿದರು. ಅಂಬಿಕೆಯ ಮಗ ದತ್ತ, ಅಂಬಿಕಾತನಯದತ್ತ. ಕವಿ ಅವನು, ತಾನು ಬೇಂದ್ರೆ ಮಾತ್ರ ಎಂದು ಇಬ್ಬರನ್ನೂ ಬೇರೆ ಬೇರೆ ಕೂಡಿಸಿ ಮಾತಾಡುವುದು ಅವರಿಗೆ ಇಷ್ಟ. ಬ್ರಿಟಿಷ್ ಸರ್ಕಾರಕ್ಕೆ ಈ ಅದ್ವೈತ-ದ್ವೈತದ ಗೊಡವೆ ಇರಲಿಲ್ಲ. ‘ನರಬಲಿ’ ಕವಿತೆಗಾಗಿ 1932ರಲ್ಲಿ ಹಿಂಡಲಗಾ ಜೈಲಿಗೆ ಹೋದದ್ದು ಅಂಬಿಕಾತನಯನಲ್ಲ, ಸಂಸಾರವಂದಿಗರಾದ ಬೇಂದ್ರೆ ಮಾಸ್ತರರು.

ಹೆಂಗಸರ ಕತೆಗೆ ಬೇರೆ ತಿರುವು. ಕೊಡಗಿನಲ್ಲಿ ಕುಳಿತು ಸಣ್ಣಕತೆ ಬರೆದ ಹೆಣ್ಣುಮಗಳೊಬ್ಬಳು ಅವುಗಳಿಗೆ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು ಸಹಿ ಹಾಕುತ್ತಿದ್ದಳು. ಅದರಲ್ಲಿ ಗಂಡನ ಹೆಸರುಂಟು, ಇನಿಷಿಯಲ್ಲುಗಳುಂಟು. ಅವಳದೆಂದು ಹೇಳಬಹುದಾದದ್ದು ‘ಮಿಸೆಸ್’ ಒಂದೇ. 1939ರಲ್ಲಿ ಹೊಳೆಯಲ್ಲಿ ಈಜುತ್ತಿದ್ದಾಗ ಮುಳುಗಿ ತೀರಿಕೊಂಡಳು, ಆಗ ಇಪ್ಪತ್ತೇಳು ವರ್ಷ. ‘ಕಂಬನಿ’ ಸಂಕಲನ ಬಂದದ್ದು ಆಮೇಲೆ. ಬೇಂದ್ರೆಯವರು ಅವಳನ್ನು ನೆನೆದು ಬರೆದ ಕವಿತೆ ‘ತಂಗಿ ಗೌರಮ್ಮ’. ಓದುಗರೂ ಆ ದಾರಿಯನ್ನೇ ಹಿಡಿದರು. ಇಂಗ್ಲಿಷ್ ಸಹಿಯನ್ನು ಕೆಳಗಿಳಿಸಿ, ಊರನ್ನು ಮುಂದಿಟ್ಟು, ಕೊಡಗಿನ ಗೌರಮ್ಮ ಎಂದು ಕರೆದರು. ಅವಳು ಆರಿಸಿಕೊಂಡ ಹೆಸರು ಈಗ ಸಂಶೋಧಕರಿಗೆ ಮಾತ್ರ ಬೇಕು.

ಮೈಸೂರಿನ ಅನಸೂಯಾ ಶಂಕರ್ ಇದಕ್ಕೆ ವಿರುದ್ಧ. ಹುಟ್ಟಿದಾಗಿನ ಹೆಸರು ಭಾಗೀರಥಿ, ಶಾಲೆಯದು ಅನಸೂಯಾ. ‘ಶರಪಂಜರ’, ‘ಬೆಕ್ಕಿನ ಕಣ್ಣು’ ಬರೆದದ್ದು ತ್ರಿವೇಣಿ. ಕಾದಂಬರಿ ಕೊಂಡವರಿಗೆ ಮೊದಲಿನ ಎರಡರ ಅಗತ್ಯವೇ ಬೀಳಲಿಲ್ಲ.

ಕೊನೆಗೆ ಹರಪನಹಳ್ಳಿಯ ಇನ್ನೊಬ್ಬರು. ಪೊಲೀಸ್ ಇಲಾಖೆಯಲ್ಲಿ ನೌಕರಿಯಲ್ಲಿದ್ದು ತಿಂಮನೆಂಬ ತಮ್ಮದೇ ಪಾತ್ರದ ಬಾಯಲ್ಲಿ ಲೋಕವನ್ನೆಲ್ಲ ಗೇಲಿ ಮಾಡಿದ ರಾಯಸಂ ಭೀಮಸೇನರಾಯರು. ಆತ್ಮಕತೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟ ಮನುಷ್ಯ ತನ್ನ ಹೆಸರನ್ನು ಸುಮ್ಮನೆ ಬಿಟ್ಟಾನೆ? ಮೊದಲಕ್ಷರ ಕನ್ನಡದ ‘ಬೀ’, ಅದರ ಬೆನ್ನಿಗೆ ರೋಮನ್ ಲಿಪಿಯ ಮೂರು ಪುಟ್ಟ ಅಕ್ಷರ. ಮೊಳೆ ಜೋಡಿಸುವವನು ಒಂದು ಹೆಸರಿಗಾಗಿ ಎರಡು ಭಾಷೆಯ ಖಾನೆಗೆ ಕೈ ಹಾಕಬೇಕು. ಕೀಲಿಮಣೆಯ ಕಾಲದಲ್ಲೂ ಭಾಷೆ ಬದಲಿಸುವ ಗುಂಡಿ ಒತ್ತದೆ ಅವರ ಸಹಿ ಮೂಡುವುದಿಲ್ಲ. ಅಷ್ಟು ತ್ರಾಸು ಯಾಕೆಂದು ಹಲವರು ಪೂರಾ ಕನ್ನಡದಲ್ಲೇ ಬೀಚಿ ಎಂದು ಬರೆದುಬಿಡುತ್ತಾರೆ. ಈ ಬರಹದಲ್ಲೂ ಹಾಗೆಯೇ ಆಗಿದೆ.