ಬರ್ಲಿನ್ನಿನ ಬೊಬ್ಬೆ

ಶಾಲೆಗೆ ಮೊಬೈಲು ತರಕೂಡದೆಂಬ ನಿಯಮ ಎಲ್ಲ ಕಡೆ ಇರುವಂತೆ ನಮ್ಮಲ್ಲಿಯೂ ಇದೆ. ಕಳೆದ ಮಳೆಗಾಲದಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬನ ಚೀಲದಿಂದ ನಾವು ಒಂದನ್ನು ಹಿಡಿದೆವು. ಸಂಜೆ ಅವನ ತಂದೆಯವರನ್ನು ಕರೆಸಿ, ಅಧ್ಯಾಪಕರ ಕೊಠಡಿಯಲ್ಲಿ ನಾಲ್ಕು ಜನರ ಎದುರಿಗೇ, "ಇವನ ತಲೆಗೆ ಯಾವ ಭಾಷೆಯೂ ಹತ್ತುವುದಿಲ್ಲ" ಎಂದುಬಿಟ್ಟೆವು. "ರಾತ್ರಿಯಿಡೀ ಅದೆಂಥದೋ ಬೊಬ್ಬೆ ಕೇಳ್ತಾನೆ ಮಾಷ್ಟ್ರೇ" ಎಂದಷ್ಟೇ ಹೇಳಿ ಅವರು ತಲೆತಗ್ಗಿಸಿ ಹೋದರು.

ಎರಡು ದಿನ ಕಳೆದು ಕಾಪಿ ಪುಸ್ತಕಗಳನ್ನು ತಿದ್ದುತ್ತಿದ್ದಾಗ ಅದೇ ಹುಡುಗನ ಪುಸ್ತಕದ ಕೊನೆಯ ಪುಟ ಕಣ್ಣಿಗೆ ಬಿತ್ತು. ಲಿಪಿ ಕನ್ನಡದ್ದು, ಅಕ್ಷರ ದುಂಡಗಿತ್ತು. ಆದರೆ ಒಂದು ಪದವೂ ತಿಳಿಯಲೊಲ್ಲದು! ಕನ್ನಡವಲ್ಲ, ಮಲಯಾಳವಲ್ಲ, ತುಳುವೂ ಅಲ್ಲ. ಅಲ್ಲಲ್ಲಿ ರಕಾರಕ್ಕೆ ಒತ್ತು ಕೊಟ್ಟು ಬರೆದಿದ್ದ. ಕರೆದು ಕೇಳಿದೆವು.

"ಜರ್ಮನ್ ಸಾರ್. ರಾಮ್‌ಸ್ಟೈನ್‌ನವರ ಪದ್ಯ. ಅವರು ರಕಾರವನ್ನು ಉರುಳಿಸಿ ಹೇಳ್ತಾರೆ. ಇಂಗ್ಲಿಷಿನಲ್ಲಿ ಬರೆದ್ರೆ ಅದು ಸರಿ ಬರುವುದಿಲ್ಲ."

ಅಂದು ರಾತ್ರಿ ಮನೆಯಲ್ಲಿ ಆ ವಿಡಿಯೋವನ್ನು ನೋಡಿದೆವು. 'ಲೈವ್ ಔಸ್ ಬೆರ್ಲಿನ್' ಎಂದು ಅದರ ಹೆಸರು. 1998ರ ಆಗಸ್ಟ್ 22 ಮತ್ತು 23ರಂದು ಬರ್ಲಿನ್ನಿನ ವೂಲ್‌ಹೈಡೆ ಎಂಬ ಬಯಲುರಂಗದಲ್ಲಿ ನಡೆದ ಕಛೇರಿಗಳನ್ನು ಮುದ್ರಿಸಿಕೊಂಡು 1999ರಲ್ಲಿ ಧ್ವನಿಮುದ್ರಿಕೆಯಾಗಿಯೂ ವಿಡಿಯೋ ಆಗಿಯೂ ಹೊರತಂದರು. ತಂಡದ ಆರು ಜನರೂ ಹಿಂದಿನ ಪೂರ್ವ ಜರ್ಮನಿಯಲ್ಲಿ ಬೆಳೆದವರು. ಬರ್ಲಿನ್ ಗೋಡೆ ಬಿದ್ದ ಐದು ವರ್ಷಗಳ ಮೇಲೆ, 1994ರಲ್ಲಿ, ಒಟ್ಟುಗೂಡಿದರು. ಈ ಬಗೆಯ ಸಂಗೀತಕ್ಕೆ 'ಇಂಡಸ್ಟ್ರಿಯಲ್ ಮೆಟಲ್' ಎನ್ನುವರು. ಗಿರಣಿಯ ಯಂತ್ರ ಬಡಿದಂತೆ ತಾಳ, ಗರಗಸ ಎಳೆದಂತೆ ಗಿಟಾರು.

ಮೊದಲ ಹತ್ತು ನಿಮಿಷ ನಮಗೆ ತಲೆನೋವೇ ಬಂದಿತು. ಆಮೇಲೆ ಗಾಯಕ ಟಿಲ್ ಲಿಂಡೆಮನ್ ಉರಿಯುವ ನಿಲುವಂಗಿ ತೊಟ್ಟು ಹಾಡತೊಡಗಿದಾಗ ನೆಟ್ಟಗೆ ಕುಳಿತೆವು. ದೊಂದಿಗೆ ರಾಳ ಎರಚಿದ ಬೆಂಕಿಯ ನಡುವೆ ಬಣ್ಣದ ವೇಷ ಬರುವುದನ್ನು ಬಾಲ್ಯದಲ್ಲಿ ತಂದೆಯವರ ಹೆಗಲ ಮೇಲಿಂದ ನೋಡಿದವರು ನಾವು! ಆದರೆ ಆ ಬೆಂಕಿ ಮಕ್ಕಳಾಟವಲ್ಲ. 1996ರಲ್ಲಿ ಅವರದೇ ಒಂದು ಕಛೇರಿಯಲ್ಲಿ ಉರಿಯುವ ಅಲಂಕಾರ ಕಳಚಿ ಬಿದ್ದಿತ್ತು. ಬಳಿಕ ಲಿಂಡೆಮನ್ ಬೆಂಕಿಯ ಕೆಲಸವನ್ನು ಕ್ರಮವಾಗಿ ಕಲಿತು ಪರವಾನಗಿ ಪಡೆದನು. ಇನ್ನೊಂದು ಹಾಡಿನಲ್ಲಿ ಕೀಬೋರ್ಡಿನವನು ರಬ್ಬರು ದೋಣಿಯಲ್ಲಿ ಕುಳಿತು ಜನರ ತಲೆಗಳ ಮೇಲೆಯೇ ತೇಲಿಹೋಗುತ್ತಾನೆ. ಸಾವಿರಾರು ಕೈಗಳು ಅವನನ್ನು ದಾಟಿಸುತ್ತವೆ. ಇದನ್ನು ನೋಡಿ ನಮ್ಮ ಮನೆಯವರೂ ಅಡುಗೆಮನೆಯಿಂದ ಬಂದು ನಿಂತರು. (ಪಾಲಕರ ಗಮನಕ್ಕೆ: ಇವರ ಎಲ್ಲ ಹಾಡುಗಳೂ ಮಕ್ಕಳಿಗೆ ತಕ್ಕವಲ್ಲ. ಒಂದು ಹಾಡಿನ ದೃಶ್ಯವನ್ನು ಸಾಮಾನ್ಯ ವಿಡಿಯೋದಿಂದಲೇ ತೆಗೆದಿದ್ದರು.)

ಲಿಂಡೆಮನ್‌ನ ತಂದೆ ವೆರ್ನರ್ ಲಿಂಡೆಮನ್ ಮಕ್ಕಳ ಕವಿಯೆಂದು ತಿಳಿದಾಗ ನಮಗೆ ನಗು ಬಂದಿತು. ಒಂದೆರಡು ಹಾಡುಗಳನ್ನು ಇಂಗ್ಲಿಷಿನಲ್ಲಿಯೂ ಮುದ್ರಿಸಿ ನೋಡಿದರಂತೆ. ಆದರೆ ಅಮೆರಿಕದವರೂ ಮೆಚ್ಚಿದ್ದು ಜರ್ಮನ್ ಹಾಡುಗಳನ್ನೇ.

ಮರುದಿನ ಹುಡುಗನನ್ನು ಮತ್ತೆ ಕರೆದೆವು. "ಅರ್ಥ ಗೊತ್ತುಂಟೋ, ಬರೀ ಬಾಯಿಪಾಠವೋ?"

ಅವನು 'ಡೂ ಹಾಸ್ಟ್' ಎಂಬ ಹಾಡಿನ ಹೆಸರು ಹೇಳಿದನು. "ಅದಕ್ಕೆ 'ನಿನಗುಂಟು' ಅಂತ ಒಂದರ್ಥ ಸಾರ್. ಅದೇ ಉಚ್ಚಾರಕ್ಕೆ 'ನೀನು ದ್ವೇಷಿಸ್ತೀ' ಅಂತ ಇನ್ನೊಂದು. ಬರೆಯುವಾಗ ಮಾತ್ರ ಒಂದು ಅಕ್ಷರ ಹೆಚ್ಚು. ಕೇಳುವವನಿಗೆ ಯಾವುದೆಂದು ಕೂಡಲೇ ಗೊತ್ತಾಗುವುದಿಲ್ಲ." ಸ್ವಲ್ಪ ತಡೆದು, "ಅದು ಶ್ಲೇಷ ಅಲ್ವಾ ಸಾರ್?" ಎಂದನು.

ಶ್ಲೇಷಾಲಂಕಾರವನ್ನು ನಾವು ಪಾಠ ಮಾಡಿದ್ದು ಮೂರು ತಿಂಗಳ ಹಿಂದೆ, ಊಟದ ನಂತರದ ಪೀರಿಯಡಿನಲ್ಲಿ. ಅರ್ಧ ತರಗತಿ ತೂಕಡಿಸುತ್ತಿತ್ತು. ಇವನಂತೂ ಕಿಟಕಿಯ ಹೊರಗೆ ನೋಡುತ್ತಿದ್ದನು.

ಶನಿವಾರ ಅವನ ತಂದೆಯವರ ಅಂಗಡಿಗೆ ಹೋಗಿ, ಅಂದು ಆಡಿದ ಮಾತು ತಪ್ಪಾಯಿತೆಂದು ಹೇಳಿದೆವು. ಅವರು ಗಡಿಬಿಡಿಯಿಂದ ಎದ್ದು ಸ್ಟೂಲು ಒರೆಸಿ, "ಕೂತ್ಕೊಳ್ಳಿ ಮಾಷ್ಟ್ರೇ, ಅದನ್ನು ನಾನು ಅಂದೇ ಮರೆತೆ" ಎಂದರು. ಮರೆತಿರಲಿಲ್ಲ, ದನಿಯಲ್ಲೇ ಗೊತ್ತಾಗುತ್ತಿತ್ತು. ಚಹಾ ತರಿಸಿದರು. ಕುಡಿದು ಮುಗಿಯುವ ಹೊತ್ತಿಗೆ ಮೆಲ್ಲನೆ ಕೇಳಿದರು: "ಆ ಬೊಬ್ಬೆಯಲ್ಲಿ ಏನುಂಟು ಮಾಷ್ಟ್ರೇ? ನನಗೂ ಸ್ವಲ್ಪ ಹೇಳಿ."