ಎಷ್ಟನೇ ವಯಸ್ಸಿಗೆ ಎ.ಬಿ.ಸಿ.ಡಿ.?

"ಮೂರು ತುಂಬಿತಲ್ರೀ, ಇನ್ನೂ ಎ.ಬಿ.ಸಿ.ಡಿ. ಬರಲ್ವಾ ಮಗೂಗೆ?" ಈ ಮಾತನ್ನು ನೀವೂ ಕೇಳಿರುತ್ತೀರಿ, ಬಹುಶಃ ಆಡಿಯೂ ಇರುತ್ತೀರಿ. ಮೊನ್ನೆ ಅರಿಶಿನ ಕುಂಕುಮಕ್ಕೆಂದು ಹೋದಾಗ ಪಕ್ಕದ ಬೀದಿಯ ಹುಡುಗಿಯೊಬ್ಬಳು ಇದೇ ಚಿಂತೆಯಿಂದ ಕಣ್ಣಲ್ಲಿ ನೀರು ತಂದುಕೊಂಡಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳೋಣವೆಂದು ಬರೆಯಲು ಕುಳಿತಿದ್ದೇನೆ. ನಾನು ಎಸ್.ಎಸ್.ಎಲ್.ಸಿ. ಪಾಸಾದವಳು, ಪಂಡಿತಳೇನೂ ಅಲ್ಲ. ಆದರೆ ಈ ವಿಷಯದಲ್ಲಿ ತಪ್ಪು ಮಾಡಿ ಕಲಿತವಳು.

ನಮ್ಮ ಕಾಲದಲ್ಲಿ ಕನ್ನಡ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಶುರುವಾಗುತ್ತಿದ್ದುದೇ ಐದನೆಯ ಕ್ಲಾಸಿನಲ್ಲಿ. ನನಗೆ ಅದು ನಾಲಿಗೆಗೆ ಹತ್ತಲೇ ಇಲ್ಲ. ಮಗನಿಗೆ ಹಾಗಾಗಬಾರದೆಂದು 2008ರಲ್ಲಿ, ಮೂರೂವರೆ ವರ್ಷಕ್ಕೇ, ಇಂಗ್ಲಿಷ್ ಮಾಧ್ಯಮದ ಎಲ್.ಕೆ.ಜಿ.ಗೆ ಸೇರಿಸಿದೆವು. ಮಾತಿನ ಮಲ್ಲ ಅವನು! ಸಾಸಿವೆ ಯಾಕೆ ಸಿಡಿಯುತ್ತೆ, ಹಲ್ಲಿಗೆ ಅಮ್ಮ ಯಾರು ಅಂತ ಬೆಳಗಿನಿಂದ ರಾತ್ರಿಯವರೆಗೆ ನನ್ನ ತಲೆ ತಿನ್ನುತ್ತಿದ್ದ.

ಶಾಲೆಯವರು ಕರೆದು ಹೇಳಿದರು: "ಮನೆಯಲ್ಲೂ ಇಂಗ್ಲಿಷಿನಲ್ಲೇ ಮಾತಾಡಿ. ಕನ್ನಡ ಬೆರೆಸಿದರೆ ಮಗು ಹಿಂದೆ ಬೀಳುತ್ತೆ." ನಾನು ಅದನ್ನು ವ್ರತದ ಹಾಗೆ ಹಿಡಿದೆ. ಆದರೆ ನನಗೆ ಬರುತ್ತಿದ್ದುದು ಎಷ್ಟು? ಕಮ್, ಸಿಟ್, ಈಟ್, ಸ್ಲೀಪ್, ಡೋಂಟ್ ಟಚ್. ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? ಕಥೆ ನಿಂತಿತು. ಸಾಸಿವೆಯ ಪ್ರಶ್ನೆಗೆ ಉತ್ತರ ತೋಚದೆ "ಗೋ, ಗೋ" ಅಂದೆ. ನಾಲ್ಕು ತಿಂಗಳಲ್ಲಿ ಮಗು ಕೇಳುವುದನ್ನೇ ಬಿಟ್ಟಿತು. ಅತ್ತೆಯವರು "ಹುಡುಗ ಮೆತ್ತಗಾಗಿದ್ದಾನೆ ಕಣೇ" ಎಂದರೆ, ಶಿಸ್ತು ಬಂದಿದೆ ಅಂತ ನಾನು ಹೆಮ್ಮೆಪಟ್ಟೆ!

ಒಂದು ರಾತ್ರಿ ಅವನಿಗೆ ಮೈ ಕೆಂಡದಂತೆ ಸುಡುತ್ತಿತ್ತು. "ಪೇನ್, ಪೇನ್" ಅಂತ ಅಳುತ್ತಾನೆ. ಎಲ್ಲಿ ಅಂತ ಕೇಳಿದರೆ ಹೇಳಲು ಪದವಿಲ್ಲ. ಕೊನೆಗೆ ನನ್ನ ಸೆರಗು ಹಿಡಿದು ಮೆಲ್ಲಗೆ ಕೇಳಿದ: "ಅಮ್ಮಾ, ಕನ್ನಡದಲ್ಲಿ ಹೇಳಲಾ?"

ಕಿವಿನೋವು ಅಂತ ಹೇಳಲು ನನ್ನ ಮಗು ನನ್ನ ಅಪ್ಪಣೆ ಕೇಳಿತು! ಆ ರಾತ್ರಿ ನಾನು ಅತ್ತಿದ್ದನ್ನು ನಮ್ಮವರು ಇವತ್ತಿಗೂ ಹೇಳುತ್ತಾರೆ. ಮರುದಿನದಿಂದಲೇ ಮನೆಯಲ್ಲಿ ಮತ್ತೆ ಕನ್ನಡ ಶುರುವಾಯಿತು. ಆದರೆ ಅವನ ಬಾಯಲ್ಲಿ ಪ್ರಶ್ನೆಗಳು ಮೊದಲಿನ ಹಾಗೆ ಬರಲು ಒಂದು ವರ್ಷವೇ ಹಿಡಿಯಿತು.

ಹಾಗಾದರೆ ಬೇಗ ಕಲಿಸುವುದೇ ತಪ್ಪೇ? ಬಿ.ಎಡ್. ಕಾಲೇಜಿನಲ್ಲಿ ಪಾಠ ಹೇಳುವ ನನ್ನ ತಂಗಿಯ ನಾದಿನಿಯನ್ನು ಕೇಳಿದೆ. ಆಕೆ ವಿವರಿಸಿದ ಮೇಲೆ ನನ್ನ ತಲೆಯಲ್ಲಿದ್ದ ಗೋಜಲು ಎಷ್ಟೋ ಬಿಡಿಸಿತು.

ಉಚ್ಚಾರಣೆಗೆ ಎಳೆಯ ಕಿವಿಯೇ ಒಳ್ಳೆಯದಂತೆ. ಜಪಾನೀ ಭಾಷೆಯಲ್ಲಿ ರ, ಲ ಅಂತ ಎರಡು ಬೇರೆ ಧ್ವನಿಗಳಿಲ್ಲ. ಆದರೂ ಆರೆಂಟು ತಿಂಗಳ ಜಪಾನೀ ಕೂಸುಗಳು ಇಂಗ್ಲಿಷಿನ ಈ ಎರಡು ಧ್ವನಿಗಳನ್ನು ಬೇರೆಬೇರೆಯಾಗಿ ಗುರುತಿಸುತ್ತವೆ. ವರ್ಷ ತುಂಬುವ ಹೊತ್ತಿಗೆ ಆ ಚುರುಕು ಕಡಿಮೆಯಾಗುತ್ತದೆ. ಆದರೆ ಭಾಷೆ ಎಂದರೆ ಉಚ್ಚಾರಣೆ ಒಂದೇ ಅಲ್ಲವಲ್ಲ? ನೆದರ್ಲೆಂಡ್ಸ್ ದೇಶಕ್ಕೆ ಹೋಗಿ ನೆಲೆಸಿದ ಇಂಗ್ಲಿಷ್ ಮನೆಮಾತಿನವರು ಅಲ್ಲಿನ ಡಚ್ ಭಾಷೆ ಕಲಿಯುವುದನ್ನು ಇಬ್ಬರು ಸಂಶೋಧಕರು ಒಂದು ವರ್ಷ ಗಮನಿಸಿ 1978ರಲ್ಲಿ ಬರೆದರು. ವರ್ಷದ ಕೊನೆಗೆ ಎಲ್ಲರಿಗಿಂತ ಮುಂದಿದ್ದವರು 8ರಿಂದ 10 ಮತ್ತು 12ರಿಂದ 15 ವರ್ಷದ ಮಕ್ಕಳು. ಎಲ್ಲ ಪರೀಕ್ಷೆಗಳಲ್ಲೂ ಹಿಂದೆ ಉಳಿದವರು 3ರಿಂದ 5 ವರ್ಷದ ಪುಟಾಣಿಗಳು! 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಸುಮಾರು 6 ಲಕ್ಷ 70 ಸಾವಿರ ಜನರ ಇಂಗ್ಲಿಷ್ ವ್ಯಾಕರಣ ನೋಡಿದರು. ವ್ಯಾಕರಣ ಹಿಡಿಯುವ ಶಕ್ತಿ 17 ವರ್ಷದವರೆಗೂ ಚೆನ್ನಾಗಿರುತ್ತದೆ, ಹತ್ತು ಹನ್ನೆರಡರೊಳಗೆ ಶುರು ಮಾಡಿದವರು ಬಹಳ ದೂರ ಹೋಗಬಲ್ಲರು ಎಂದು ಅದು ಹೇಳಿತು. ಅಂದರೆ ಮೂರು ವರ್ಷಕ್ಕೆ ಬಾಗಿಲು ಮುಚ್ಚಿಬಿಡುವುದಿಲ್ಲ, ತಾಯಂದಿರೇ!

ಮಗಳು ಶಾಲೆಗೆ ಹೋಗುವ ಹೊತ್ತಿಗೆ ನಮಗೆ ಧೈರ್ಯ ಬಂದಿತ್ತು. ಪ್ರಾಥಮಿಕ ಶಾಲೆಯಲ್ಲಿ ಮಾಧ್ಯಮ ಯಾವುದೆಂದು ಆರಿಸುವುದು ತಂದೆತಾಯಿಯ ಹಕ್ಕು ಎಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು. ಆ ತೀರ್ಪಿನ ನಂತರ ಎಲ್ಲರೂ ಇಂಗ್ಲಿಷನ್ನು ಆರಿಸಿದರೆ ನಾವು 2016ರಲ್ಲಿ ಸರ್ಕಾರಿ ಕನ್ನಡ ಶಾಲೆಯನ್ನು ಆರಿಸಿದೆವು. ನೆಂಟರು ನಕ್ಕರು. ಸರ್ಕಾರಿ ಶಾಲೆಗಳಲ್ಲಿ 2007ರಿಂದಲೇ ಒಂದನೆಯ ಕ್ಲಾಸಿನಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುತ್ತಾರೆ ಎಂಬುದು ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ.

ಎಂಟನೆಯ ಕ್ಲಾಸಿಗೆ ಅವಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದಾಗ ಮೂರು ತಿಂಗಳು ಅತ್ತಳು, ಸುಳ್ಳು ಹೇಳುವುದಿಲ್ಲ. "ಫೋಟೋಸಿಂಥೆಸಿಸ್" ನೋಡಿ ಪುಸ್ತಕವನ್ನೇ ಮುಚ್ಚಿಟ್ಟಳು. ಆದರೆ ದ್ಯುತಿಸಂಶ್ಲೇಷಣೆ ಅಂದರೇನೆಂದು ಅವಳಿಗೆ ಆಗಲೇ ಗೊತ್ತಿತ್ತು, ಹೊಸದಾಗಿ ಕಲಿಯಬೇಕಾದದ್ದು ಹೆಸರು ಮಾತ್ರ. ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಸರಿಹೋದಳು. ಈಗಲೂ ಅಣ್ಣನ ಇಂಗ್ಲಿಷ್ ಉಚ್ಚಾರಣೆ ಅವಳದಕ್ಕಿಂತ ಚೆನ್ನ. ಆದರೆ ಅಜ್ಜಿಗೆ ಪತ್ರಿಕೆ ಓದಿ ಹೇಳುವವಳು ಅವಳೇ. ಅಣ್ಣನಿಗೆ ಕನ್ನಡದ ಒತ್ತಕ್ಷರ ಬಂದಲ್ಲೆಲ್ಲ ತಡವರಿಕೆ.

ನಿಮ್ಮ ಮಗುವನ್ನು ಯಾವ ಶಾಲೆಗೆ ಹಾಕಬೇಕೆಂದು ಹೇಳಲು ನಾನ್ಯಾರು? ನಿಮ್ಮ ಊರು, ನಿಮ್ಮ ಅನುಕೂಲ ನಿಮಗೇ ಗೊತ್ತು. ಇಷ್ಟು ಮಾತ್ರ ಹೇಳಬಲ್ಲೆ: ಇಂಗ್ಲಿಷನ್ನು ಚೆನ್ನಾಗಿ ಆಡುವವರು ಮನೆಯಲ್ಲಿದ್ದರೆ ಹುಟ್ಟಿದಾಗಿನಿಂದಲೇ ಎರಡೂ ಭಾಷೆ ಮಗುವಿನ ಕಿವಿಗೆ ಬೀಳಲಿ, ಮಕ್ಕಳ ತಲೆಗೆ ಎರಡು ಭಾಷೆ ಭಾರವಲ್ಲ. ಇಲ್ಲದಿದ್ದರೆ ಹಾಡು, ಆಟಗಳಲ್ಲಿ ಸ್ವಲ್ಪ ಸ್ವಲ್ಪ ಪರಿಚಯವಾಗಲಿ. ಓದು ಬರಹ ಮೊದಲು ಮನೆಮಾತಿನಲ್ಲಿ ಗಟ್ಟಿಯಾಗಲಿ, ಆರರಿಂದ ಹತ್ತರೊಳಗೆ ಇಂಗ್ಲಿಷನ್ನು ಕ್ರಮವಾಗಿ ಕಲಿಯಲಿ. ಕಲಿಸುವವರು ಸರಿಯಾಗಿದ್ದಾರೆಯೇ, ಮಗುವಿಗೆ ಮಾತಾಡಲು ಅವಕಾಶ ಸಿಗುತ್ತಿದೆಯೇ ಎಂಬುದನ್ನು ವಯಸ್ಸಿಗಿಂತ ಮೊದಲು ನೋಡಿ.

ಯಾರು ಏನೇ ಹೇಳಲಿ, ನಿಮಗೆ ಬಾರದ ಭಾಷೆಗಾಗಿ ನಿಮಗೆ ಬರುವ ಭಾಷೆಯಲ್ಲಿ ಮಗುವಿನೊಡನೆ ಮಾತಾಡುವುದನ್ನು ನಿಲ್ಲಿಸಬೇಡಿ. ಸಾಸಿವೆ ಯಾಕೆ ಸಿಡಿಯುತ್ತೆ ಅಂತ ಕೇಳಿದರೆ ಒಲೆಯ ಮುಂದೆ ನಿಂತೇ ಉತ್ತರ ಹೇಳಿ. ಒಗ್ಗರಣೆ ಸ್ವಲ್ಪ ಸೀದರೂ ಚಿಂತೆಯಿಲ್ಲ.