ನಿಜಾಮನ ಹೆಸರು ಹೊತ್ತ ಬಾಂಬರುಗಳು

ಹೈದರಾಬಾದಿನಿಂದ ಸೊಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹುಮನಾಬಾದ್ ದಾಟಿದ ಮೇಲೆ ರಾಜೇಶ್ವರ ಸಿಗುತ್ತದೆ. ಅದರ ಮುಂದೆ ಸಸ್ತಾಪುರ ಬಂಗ್ಲಾ. ಅಲ್ಲಿ ಬಲಕ್ಕೆ ಹೊರಳಿದರೆ ಬಸವಕಲ್ಯಾಣ. ಎರಡೂ ಕಡೆ ತೊಗರಿ, ಜೋಳದ ಹೊಲಗಳು, ನಡುನಡುವೆ ಕಬ್ಬು. ಈ ದಾರಿಯಲ್ಲಿ ಹಗಲು ಹೊತ್ತು ಆಗಾಗ ವಿಮಾನದ ಮೊರೆತ ಕೇಳಿಬರುತ್ತದೆ. ಬೀದರಿನ ವಾಯುಪಡೆ ನೆಲೆಯಲ್ಲಿ ತರಬೇತಿ ಪಡೆಯುವ ಹುಡುಗರು ಹಾರಿಸುವ ಹಾಕ್ ವಿಮಾನಗಳವು. ‘ಸೂರ್ಯಕಿರಣ’ ತಂಡ ಹುಟ್ಟಿದ್ದೂ ಅಲ್ಲಿಯೇ, 1996ರಲ್ಲಿ. ಹೊಲದಲ್ಲಿ ಕಳೆ ತೆಗೆಯುವವರಿಗೆ ಆ ಸದ್ದು ಎಷ್ಟು ಅಭ್ಯಾಸವಾಗಿದೆಯೆಂದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ.

ಆದರೆ ಈ ನೆಲಕ್ಕೂ ಯುದ್ಧವಿಮಾನಕ್ಕೂ ಇರುವ ನಂಟು ಬೀದರಿನ ನೆಲೆಗಿಂತ ಹಳೆಯದು. ಅದನ್ನು ಹುಡುಕಲು ಬಸವಕಲ್ಯಾಣದ ಕೋಟೆಯಲ್ಲಾಗಲಿ ಹುಮನಾಬಾದಿನ ಪೇಟೆಯಲ್ಲಾಗಲಿ ಒಂದು ಫಲಕವೂ ಸಿಗದು. ಅದು ಸಿಗುವುದು ಕಂಪ್ಯೂಟರಿನ ಪರದೆಯ ಮೇಲೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ‘110 ಸ್ಕ್ವಾಡ್ರನ್’ ಎಂದು ಹುಡುಕಿದರೆ ಹೆಸರುಗಳು ಸಾಲುಗಟ್ಟುತ್ತವೆ. ಸತ್ತವನ ಹುದ್ದೆ, ಸತ್ತ ದಿನ, ಗೋರಿಯ ಊರು. ಕೆಲವರಿಗೆ ವಯಸ್ಸು, ತಂದೆತಾಯಿಯ ಹೆಸರೂ ಇದೆ. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೆರಡರ ಹುಡುಗರು. ಈ ದಳದ ಪೂರ್ತಿ ಹೆಸರು ‘ನಂಬರ್ 110 (ಹೈದರಾಬಾದ್) ಸ್ಕ್ವಾಡ್ರನ್’.

ಹೈದರಾಬಾದ್ ಎಂಬ ಹೆಸರು ಬಂದದ್ದು ಕಾಣಿಕೆಯಿಂದ. ಮೊದಲ ಮಹಾಯುದ್ಧದಲ್ಲಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಬ್ರಿಟಿಷರಿಗೆ ಒಂದಿಡೀ ದಳಕ್ಕಾಗುವಷ್ಟು ಬಾಂಬರುಗಳ ಖರ್ಚು ಕೊಟ್ಟ. ಅವು ಡಿ.ಎಚ್. 9ಎ ಎಂಬ ಇಬ್ಬರು ಕೂರುವ ವಿಮಾನಗಳು. ಮುಂದೆ ಚಾಲಕ, ಹಿಂದೆ ಬಂದೂಕು ಹಿಡಿದ ವೀಕ್ಷಕ. ತಲೆಯ ಮೇಲೆ ಮುಚ್ಚಿಗೆಯಿಲ್ಲ. ಪ್ರತಿಯೊಂದು ವಿಮಾನದ ಒಡಲಿನ ಮೇಲೂ ‘ಹೈದರಾಬಾದಿನ ನಿಜಾಮರು ಕೊಟ್ಟದ್ದು’ ಎಂದು ಬರೆದು ನಂಬರು ಹಾಕಿದ್ದರು. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಬರೆಸುವ ನಮ್ಮ ಪದ್ಧತಿಯನ್ನು ನಗುವವರು ಇದನ್ನೂ ನೆನೆಯಬಹುದು.

ಆಗ ಬಸವಕಲ್ಯಾಣ ಇನ್ನೂ ‘ಕಲ್ಯಾಣಿ’. ನಿಜಾಮನ ಕೆಳಗಿನ ಒಬ್ಬ ನವಾಬನ ಜಾಗೀರು. ಹುಮನಾಬಾದಿನ ಸುತ್ತಿನ ಹಲವು ಹಳ್ಳಿಗಳು ಪಾಯಗಾ ಅಮೀರರ ಕೈಯಲ್ಲಿದ್ದವು. ಹೀಗಾಗಿ ಇಲ್ಲಿನ ರೈತ ಕೊಟ್ಟ ಕಂದಾಯವೇ ನೇರವಾಗಿ ಬಾಂಬರಾಯಿತು ಎಂದು ಲೆಕ್ಕ ತೋರಿಸಲು ಬರುವುದಿಲ್ಲ. ಜಾಗೀರಿನ ಕಂದಾಯ ಮೊದಲು ಜಾಗೀರದಾರನ ಪೆಟ್ಟಿಗೆಗೆ ಹೋಗುತ್ತಿತ್ತು. ಆದರೂ ಅಮೀರ ನವಾಬರ ಮೇಲೆ ನಿಜಾಮ, ನಿಜಾಮನ ಮೇಲೆ ಬ್ರಿಟಿಷ್ ರೆಸಿಡೆಂಟ್ ಎಂದು ಏರುತ್ತಿದ್ದ ಆ ಏಣಿಯ ಕಟ್ಟಕಡೆಯ ಮೆಟ್ಟಿಲಲ್ಲಿ ನಿಂತಿದ್ದವನು ರೈತನೇ. ಫ್ರಾನ್ಸಿನ ಆಕಾಶದಲ್ಲಿ ತನ್ನ ಸಂಸ್ಥಾನದ ಹೆಸರು ಹಾರಾಡುತ್ತಿದೆ ಎಂಬ ಸುದ್ದಿ ಅವನಿಗೆ ಮುಟ್ಟಿರಲಾರದು.

110ನೆಯ ದಳ ಕಟ್ಟಿದ್ದು 1917ರ ನವೆಂಬರ್ 1ರಂದು, ಇಂಗ್ಲೆಂಡಿನ ರೆಂಡ್‌ಕೂಂಬ್‌ನಲ್ಲಿ. 1918ರ ಸೆಪ್ಟೆಂಬರಿನಲ್ಲಿ ಅದು ಫ್ರಾನ್ಸಿನ ಬೆಟೊನ್‌ಕೂರಿಗೆ ಹೋಯಿತು. ಡಿ.ಎಚ್. 9ಎ ವಿಮಾನವನ್ನು ಯುದ್ಧಕ್ಕೆ ಇಳಿಸಿದ ಮೊದಲ ದಳ ಇದೇ. ಕೆಲಸ ಜರ್ಮನಿಯ ಊರುಗಳ ಮೇಲೆ ಹಗಲಲ್ಲೇ ಬಾಂಬು ಹಾಕುವುದು: ಮಾನ್‌ಹೈಮ್, ಫ್ರಾಂಕ್‌ಫರ್ಟ್, ಕಲೋನ್. ಬಾಂಬು ಬಿದ್ದ ಊರುಗಳಲ್ಲೂ ಜನ ಸತ್ತರು ಎಂಬುದನ್ನು ಮರೆಯುವಂತಿಲ್ಲ. ಯುದ್ಧ ಮುಗಿಯುವುದಕ್ಕೆ ಇನ್ನು ಎರಡೂವರೆ ತಿಂಗಳೂ ಉಳಿದಿರಲಿಲ್ಲ. ಅಷ್ಟರಲ್ಲೇ ಶತ್ರುವಿನ ಕೈಯಲ್ಲಿ 17 ವಿಮಾನ ಹೋದವು, ಅಪಘಾತಗಳಲ್ಲಿ 28. ಅಕ್ಟೋಬರ್ 21ರಂದು ಕಲೋನಿನ ಕಡೆಗೆ ಹೊರಟವುಗಳಲ್ಲಿ 7 ವಿಮಾನ ಒಂದೇ ದಿನ ಮರಳಲಿಲ್ಲ. ಸತ್ತವರಿಗಿಂತ ಸೆರೆಸಿಕ್ಕವರ ಕಥೆ ಕೆಲವೊಮ್ಮೆ ಹೆಚ್ಚು ವಿಚಿತ್ರ. ಅಕ್ಟೋಬರ್ 5ರಂದು ಕ್ಯಾಪ್ಟನ್ ಇಂಗ್ಲಿಸ್ ಮತ್ತು ಸೆಕೆಂಡ್ ಲೆಫ್ಟಿನೆಂಟ್ ಬಾಡ್ಲಿ ಹಾರಿಸುತ್ತಿದ್ದ ಎಫ್ 1010 ಸಂಖ್ಯೆಯ ವಿಮಾನ ಜರ್ಮನರ ನೆಲದಲ್ಲಿ ಇಳಿಯಬೇಕಾಯಿತು. ಇಬ್ಬರೂ ಬದುಕಿ ಸೆರೆಯಾದರು. ವಿಮಾನವೂ ಸೆರೆಯಾಯಿತು.

ಈ ಸೆರೆಯಾಳು ವಿಮಾನದ ಪ್ರವಾಸ ಓದಲು ಸೊಗಸು. ಜರ್ಮನರು ಅದನ್ನು ಬರ್ಲಿನ್ನಿನ ವಿಮಾನ ಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟರು. ಎರಡನೆಯ ಮಹಾಯುದ್ಧದಲ್ಲಿ ಬರ್ಲಿನ್ ಮೇಲೆ ಬಾಂಬು ಬೀಳತೊಡಗಿದಾಗ ಅಲ್ಲಿನ ವಿಮಾನಗಳನ್ನು ಪೂರ್ವಕ್ಕೆ ಸಾಗಿಸಿದರು. ಯುದ್ಧ ಮುಗಿದ ಮೇಲೆ ಇದು ಪೋಲೆಂಡಿನ ಪಾಲಿಗೆ ಉಳಿಯಿತು, ಕ್ರಾಕೋವ್ ಸೇರಿತು. 1977ರಲ್ಲಿ ಬ್ರಿಟಿಷರು ಒಂದು ಸ್ಪಿಟ್‌ಫೈರ್ ಕೊಟ್ಟು ಬದಲಿಗೆ ಇದನ್ನು ತಂದುಕೊಂಡರು. ನಮ್ಮ ಸಂತೆಯಲ್ಲಿ ಹೋರಿ ಕೊಟ್ಟು ಹೋರಿ ಕೊಂಡ ಹಾಗೆ. ದುರಸ್ತಿಯಾದ ಮೇಲೆ ಅದು ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಮ್ಮಿನ ಸ್ವತ್ತು. ನಿಜಾಮ ಕೊಟ್ಟ ಆ ಗುಂಪಿನಲ್ಲಿ ಉಳಿದಿರುವುದು ಅದೊಂದೇ. ‘ಹೈದರಾಬಾದ್ ನಂಬರ್ 12ಎ’ ಎಂಬ ಬರಹ ಅದರ ಮೇಲಿದೆ. ಅದರ ದಿನಚರಿಯನ್ನು ಮ್ಯೂಸಿಯಂ ಜಾಲತಾಣದಲ್ಲಿ ಹಾಕಿದೆ. ಹುಮನಾಬಾದಿನ ಯಾವ ಸೈಬರ್ ಅಂಗಡಿಯಲ್ಲಿ ಕುಳಿತೂ ಓದಬಹುದು.

ಎರಡನೆಯ ಮಹಾಯುದ್ಧದ ಹೊತ್ತಿಗೆ ಹೈದರಾಬಾದಿನ ಹೆಸರಿನ ದಳಗಳು ಮೂರಾದವು. 152 ಮತ್ತು 253ನೆಯವು ಕಾಳಗದ ವಿಮಾನದವು. 110 ಮಾತ್ರ ಬಾಂಬರಿನದು. ಯುದ್ಧ ಸಾರಿದ ಮರುದಿನವೇ, 1939ರ ಸೆಪ್ಟೆಂಬರ್ 4ರಂದು, ಜರ್ಮನ್ ಯುದ್ಧಹಡಗುಗಳ ಮೇಲೆ ಬ್ರಿಟಿಷರು ನಡೆಸಿದ ಮೊದಲ ದಾಳಿಯಲ್ಲಿ ಈ ದಳದ ಐದು ಬ್ಲೆನ್‌ಹೈಮ್ ವಿಮಾನಗಳಿದ್ದವು. ಮುಂದಾಳು ಫ್ಲೈಟ್ ಲೆಫ್ಟಿನೆಂಟ್ ಡೋರನ್. ಕೆಳಮಟ್ಟದ ಮೋಡದಡಿಯಲ್ಲಿ ನುಗ್ಗಿದರು. ‘ಅಡ್ಮಿರಲ್ ಶೇರ್’ ಹಡಗಿಗೆ ಬಡಿದ ಬಾಂಬುಗಳು ಸಿಡಿಯಲಿಲ್ಲ. ದಳದ ಒಂದು ವಿಮಾನ ‘ಎಂಡೆನ್’ ಎಂಬ ಹಡಗಿನ ಮೇಲೆಯೇ ಬಿದ್ದು ವಿಮಾನದಲ್ಲಿದ್ದವರೂ ಹಡಗಿನ ಹಲವು ನಾವಿಕರೂ ಸತ್ತರು. ಆ ವಿಮಾನದ ಚಾಲಕನ ಹೆಸರು ಫ್ಲೈಯಿಂಗ್ ಆಫೀಸರ್ ಎಂಡೆನ್! ಕಾದಂಬರಿಕಾರ ಹೀಗೆ ಬರೆದಿದ್ದರೆ ಓದುಗರು ನಂಬುತ್ತಿರಲಿಲ್ಲ. 1914ರಲ್ಲಿ ಮದರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹೊಡೆದು ದಕ್ಷಿಣ ಭಾರತವನ್ನು ನಡುಗಿಸಿದ ಹಡಗಿನ ಹೆಸರನ್ನೇ ಈ ಹಡಗಿಗೆ ಇಟ್ಟಿದ್ದರು.

1942ರಲ್ಲಿ ದಳ ಭಾರತಕ್ಕೇ ಬಂತು. ಆದರೆ ಹೈದರಾಬಾದಿಗಲ್ಲ, ಬರ್ಮಾದ ಗಡಿಗೆ. ಅಮೆರಿಕದ ವೆಂಜೆನ್ಸ್ ಎಂಬ ಡೈವ್ ಬಾಂಬರು ಹಿಡಿದು ಅರಕಾನ್ ಮತ್ತು ಇಂಫಾಲದ ಕಾಡುಗಳ ಮೇಲೆ ಹಾರಿತು. ಬಳಿಕ ಮಾಸ್ಕಿಟೊ ವಿಮಾನಗಳು ಬಂದವು. ಜಪಾನ್ ಶರಣಾಗುತ್ತೇನೆಂದು ಹೇಳಿದ ಮೇಲೂ ಒಪ್ಪದೆ ಕಾದುತ್ತಿದ್ದ ಜಪಾನೀ ತುಕಡಿಯೊಂದರ ಮೇಲೆ 1945ರ ಆಗಸ್ಟ್ 20ರಂದು ಈ ದಳ ಹಾಕಿದ್ದೇ ಆ ಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಕೊನೆಯ ಬಾಂಬು ಎನ್ನುತ್ತಾರೆ. ಮೊದಲ ದಾಳಿಯೂ ಕೊನೆಯ ದಾಳಿಯೂ ಒಂದೇ ಹೆಸರಿನಲ್ಲಿ ನಡೆದಂತಾಯಿತು. ಮುಂದೆ ಹೆಲಿಕಾಪ್ಟರುಗಳ ದಳವಾಗಿ 1971ರಲ್ಲಿ ಸಿಂಗಪುರದಲ್ಲಿ ವಿಸರ್ಜನೆಯಾಯಿತು.

ಇಷ್ಟನ್ನೂ ದಿನದಿನದ ವಿವರದೊಂದಿಗೆ ತಿಳಿಯಲು ಇಂದು ಲಂಡನ್ನಿಗೆ ಹೋಗಬೇಕಾಗಿಲ್ಲ. ಪ್ರತಿ ಸ್ಕ್ವಾಡ್ರನ್ನಿನಲ್ಲೂ ಒಂದು ದಿನವಹಿ ಇತ್ತು. ಯಾವ ವಿಮಾನ, ಯಾರು ಯಾರು ಕುಳಿತರು, ಎಷ್ಟಕ್ಕೆ ಏರಿದರು, ಎಷ್ಟಕ್ಕೆ ಇಳಿದರು. ಬರದೇಹೋದವರ ಇಳಿದ ವೇಳೆಯ ಜಾಗ ಖಾಲಿ. ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ದಾಖಲೆಗಾರ ಎರಡನೆಯ ಯುದ್ಧದ ಈ ವಹಿಗಳ ಚಿತ್ರಗಳನ್ನು ಜಾಲದಲ್ಲಿ ಒದಗಿಸಿದೆ. ಮೊದಲ ಯುದ್ಧದ ಅಧಿಕಾರಿಗಳ ಗಾಯ, ಸೆರೆ, ಸಾವಿನ ನಮೂನೆಗಳನ್ನು ವಾಯುಪಡೆಯ ಮ್ಯೂಸಿಯಂ ಹಾಕಿದೆ. ಲಿಂಕನ್ನಿನ ಬಾಂಬರ್ ಕಮಾಂಡ್ ಕೇಂದ್ರದ ಪಟ್ಟಿಯಲ್ಲಿ ಐವತ್ತೈದು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಸರ್ಕಾರಿ ಗುಮಾಸ್ತನ ಒಣ ಬರಹದಲ್ಲಿ ಒಂದೊಂದು ಸಾಲಿಗೆ ಒಬ್ಬೊಬ್ಬ ಮನುಷ್ಯ.

ಕನ್ನಡಿಗರಿಗೆ ಈ ಕೆಲಸ ಹೊಸದಲ್ಲ. ತುರು ಕಾಯಲು ಹೋಗಿ ಸತ್ತವನ ಹೆಸರನ್ನೂ ಊರನ್ನೂ ವೀರಗಲ್ಲಿನ ಮೇಲೆ ಕಂಡರಿಸಿದ ನಾಡು ಇದು. ಹುಮನಾಬಾದ್ ತಾಲೂಕಿನ ಜಲಸಂಗಿಯಲ್ಲಿ ಚಾಲುಕ್ಯರ ಕಾಲದ ದೇವಾಲಯವಿದೆ. ಅದರ ಗೋಡೆಯ ಮೇಲೆ ಒಬ್ಬ ಶಿಲಾಬಾಲಿಕೆ ಬೆನ್ನು ತಿರುಗಿಸಿ ನಿಂತು ಏನನ್ನೋ ಬರೆಯುತ್ತಿದ್ದಾಳೆ. ಆಕೆ ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಆ ಕುಸುರಿಯನ್ನು ನೋಡಲೆಂದೇ ಜಲಸಂಗಿಗೆ ಹೋಗಿಬರಬಹುದು. ಆದರೆ ಆಕೆಯ ಬರಹದಲ್ಲಿ ದೊರೆ ಇದ್ದಾನೆ, ಅವನಿಗಾಗಿ ಕಾದಿದ ಸೈನಿಕರಿಲ್ಲ. ವಿಮಾನದ ಮೇಲೆ ನಿಜಾಮನ ಹೆಸರು ಬರೆದವರಿಗೂ ಆಕೆಗೂ ಅಷ್ಟರಮಟ್ಟಿಗೆ ಸಾಮ್ಯವಿದೆ.

ಇದೇ ಹೆದ್ದಾರಿಯ ಮೇಲೂ ಒಮ್ಮೆ ಬಾಂಬಿನ ವಿಮಾನಗಳು ಹಾರಿವೆ. 1948ರಲ್ಲಿ ನಿಜಾಮನಿಗೆ ಕಳ್ಳತನದಿಂದ ಶಸ್ತ್ರಾಸ್ತ್ರ ತಂದುಕೊಟ್ಟವನು ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ಸಾಹಸಿ. ಲ್ಯಾಂಕಾಸ್ಟರ್ ಬಾಂಬರಿನಿಂದಲೇ ರೂಪಿಸಿದ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಕರಾಚಿಯಿಂದ ಬೀದರಿಗೂ ವಾರಂಗಲ್ಲಿಗೂ ರಾತ್ರಿ ಹಾರಿಬರುತ್ತಿದ್ದ. ಸೆಪ್ಟೆಂಬರ್ 13ರಂದು ಪೊಲೀಸ್ ಕಾರ್ಯಾಚರಣೆ ಶುರುವಾಯಿತು. ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಪಡೆ ಸೊಲ್ಲಾಪುರದಿಂದ ಹೊರಟು ಮರುದಿನ ಉಮರ್ಗಾದಿಂದ ರಾಜೇಶ್ವರದ ಕಡೆಗೆ ಸಾಗಿತು. ದಾರಿಯಲ್ಲಿ ಹೊಂಚುಹಾಕಿ ಕೂತವರನ್ನು ತೆರವು ಮಾಡಲು ಭಾರತೀಯ ವಾಯುಪಡೆಯ ಟೆಂಪೆಸ್ಟ್ ವಿಮಾನಗಳು ಬಂದವು. ನಾಲ್ಕೇ ದಿನಕ್ಕೆ ನಿಜಾಮ ಶರಣಾದ. ಕಲ್ಯಾಣಿ ಬಸವಕಲ್ಯಾಣವಾದದ್ದು 1956ರಲ್ಲಿ.

ಆ ವರ್ಷದ ಸಾವುಗಳಿಗೆ ಮಾತ್ರ ಹೀಗೆ ಹೆಸರು ಹಿಡಿದು ಹುಡುಕುವ ದಾಖಲೆಗಾರವಿಲ್ಲ. ಮೇ ತಿಂಗಳಲ್ಲಿ ಬಸವಕಲ್ಯಾಣದ ಬಳಿಯ ಗೋರ್ಟಾದಲ್ಲಿ ರಜಾಕಾರರು ಹಳ್ಳಿಗರನ್ನು ಕೊಂದರು. ಸೆಪ್ಟೆಂಬರಿನ ನಂತರ ಬೀದರ್, ಗುಲ್ಬರ್ಗಾ, ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳಲ್ಲಿ ಮುಸಲ್ಮಾನರ ಕೊಲೆಗಳು ನಡೆದವು. ಅದನ್ನು ವಿಚಾರಿಸಲು ಪಂಡಿತ ಸುಂದರಲಾಲರ ಸಮಿತಿ ಊರೂರು ತಿರುಗಿ ವರದಿ ಕೊಟ್ಟಿತು. ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅದು ಅಂದಾಜು ಮಾಡಿತು. ವರದಿ ದಶಕಗಳ ಕಾಲ ಕತ್ತಲೆಯಲ್ಲಿತ್ತು. ಎರಡು ಸಂಖ್ಯೆಗಳ ನಡುವೆ 13 ಸಾವಿರ ಜನರ ಅಂತರ! ಅತ್ತ ಜರ್ಮನಿಯ ಮೋಡದಲ್ಲಿ ಕಾಣೆಯಾದ ವಿಮಾನದ ಗುಂಡುಗಾರನ ಹೆಸರಿನ ನಡುವಿನ ಅಕ್ಷರವೂ ಸಿಗುತ್ತದೆ. ಇತ್ತ ರಾಜೇಶ್ವರದಿಂದ ಕೂಗಳತೆಯ ಊರುಗಳಲ್ಲಿ ಸತ್ತವರು ಮುದುಕರ ಬಾಯಲ್ಲಷ್ಟೇ ಉಳಿದಿದ್ದಾರೆ, ಆ ಮುದುಕರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಬೇಕೆಂದರೆ ಮಾಡಬಹುದಾದ ಕೆಲಸ ಇದು. ಬ್ರಿಟಿಷರ ಪಟ್ಟಿಗಳನ್ನೂ ಬರೀ ಸರ್ಕಾರ ತುಂಬಿಸಿಲ್ಲ. ಮೊಮ್ಮಕ್ಕಳು, ನಿವೃತ್ತ ಮೇಷ್ಟರು, ಊರಿನ ಇತಿಹಾಸದ ಹುಚ್ಚು ಹಿಡಿದವರು ಪತ್ರ, ಫೋಟೊ ಕಳಿಸಿ ಸಾಲುಗಳನ್ನು ಬೆಳೆಸಿದ್ದಾರೆ. ಗೋರ್ಟಾಕ್ಕೆ, ಹುಮನಾಬಾದಿಗೆ, ಕಲ್ಯಾಣದ ಒಂದೊಂದು ಓಣಿಗೆ ಅಂಥ ಪಟ್ಟಿಯೊಂದು ಬರೆಯುವುದಾದರೆ ಹಿಂದೂ ಮುಸಲ್ಮಾನ ಎನ್ನದೆ ಎಲ್ಲರ ಹೆಸರನ್ನೂ ಒಂದೇ ವಹಿಯಲ್ಲಿ ಬರೆಯಬೇಕಾಗುತ್ತದೆ. ಕಷ್ಟವಿರುವುದು ಬಹುಶಃ ಅಲ್ಲಿಯೇ.

ವಿಮಾನದವರ ಗೋರಿಗಳನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ಇದೇ ಹೆದ್ದಾರಿ ಸಾಕು. ಸೊಲ್ಲಾಪುರ ದಾಟಿ ಪುಣೆಗೆ ಹೋದರೆ ಖಡ್ಕಿಯಲ್ಲಿ ಯುದ್ಧ ಸಮಾಧಿ ಭೂಮಿ ಇದೆ. ಎರಡನೆಯ ಮಹಾಯುದ್ಧದಲ್ಲಿ ಸತ್ತ 1,600ಕ್ಕೂ ಹೆಚ್ಚು ಜನರ ಗೋರಿಗಳು ಅಲ್ಲಿವೆ, ವಾಯುಪಡೆಯವರದೂ ಸೇರಿ. ಹುಲ್ಲು ಕತ್ತರಿಸಿ ಅಚ್ಚುಕಟ್ಟಾಗಿ ಇಟ್ಟಿದ್ದಾರೆ. ಕಲ್ಲುಗಳೆಲ್ಲ ಒಂದೇ ಅಳತೆಯವು, ಅಧಿಕಾರಿಗೂ ಸಿಪಾಯಿಗೂ. ಹೋಗುವ ಮೊದಲು ಜಾಲತಾಣದಲ್ಲಿ ಹೆಸರು ಹುಡುಕಿ ಸಾಲಿನ ನಂಬರು ಬರೆದುಕೊಂಡು ಹೋದರೆ ತಿರುಗಾಟ ಉಳಿಯುತ್ತದೆ.